ತೂಗುಮುಚ್ಚಿಗೆಯ ಕಸುಬು

ಈ ಭಾಷಣವನ್ನು ಧ್ವನಿಮುದ್ರಿಸಲು ಬಂದು ಕುಳಿತವನು ಒಮ್ಮೆ ತಲೆಯೆತ್ತಿ ನೋಡಿದೆ. ಸಣ್ಣ ಸಣ್ಣ ರಂಧ್ರಗಳುಳ್ಳ ಬಿಳಿಯ ಬಿಲ್ಲೆಗಳು ಚೌಕಚೌಕವಾಗಿ ಮೇಲೆ ಹರಡಿಕೊಂಡಿವೆ. ನಾನಾಡುವ ಮಾತು ಸೂರಿಗೆ ಬಡಿದು ಮರಳಿ ಮೈಕಿಗೆ ಬೀಳದಂತೆ ಹೀರಿಕೊಳ್ಳುವುದು ಅವುಗಳ ಕೆಲಸ. ನಿಜವಾದ ಸೂರು ಅವುಗಳಿಗೂ ಮೇಲೆ, ಕತ್ತಲಲ್ಲಿ, ತಂತಿಗಳನ್ನೂ ಕೊಳವೆಗಳನ್ನೂ ಹೊತ್ತು ಅಡಗಿದೆ. ಇದನ್ನು ಕಟ್ಟಡದವರು ಫಾಲ್ಸ್ ಸೀಲಿಂಗ್ ಎನ್ನುತ್ತಾರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಹಂಚಿನ ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ ಇರುತ್ತಿತ್ತು. ಆದರೆ ಅದು ತೊಲೆಗಳ ಮೇಲೆ ಕುಳಿತಿರುತ್ತಿತ್ತು. ಇದಾದರೋ ಮೇಲಿನಿಂದ ತೂಗುತ್ತದೆ. ಆದ್ದರಿಂದ ನಾನು ಇದನ್ನು ತೂಗುಮುಚ್ಚಿಗೆ ಎಂದು ಕರೆಯುತ್ತೇನೆ. ಪಾಠ ಹೇಳಿದವನಿಗೆ ಹೆಸರಿಡುವ ಚಪಲ ಹೋಗುವುದಿಲ್ಲ.

ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆ ಎಂದು ಕೇಳುಗರು ಕೇಳಬಹುದು. ಮೂರು ವರ್ಷಗಳ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ನನ್ನ ಓದುವ ಕೋಣೆಯ ಮುಚ್ಚಿಗೆ ಕುಸಿದು ಮೇಜಿನ ಮೇಲೆ ಬಿತ್ತು. ನಾನು ಊಟಕ್ಕೆ ಎದ್ದುಹೋಗಿದ್ದುದರಿಂದ ಇಂದು ನಿಮ್ಮೊಡನೆ ಮಾತನಾಡುತ್ತಿದ್ದೇನೆ. ಕಟ್ಟಿದವರು ಫೋನಿಗೆ ಸಿಗಲಿಲ್ಲ. ಬಿ.ಕಾಂ. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿ, ಅನಂತರ ಇದೇ ಕಸುಬಿನ ಗುತ್ತಿಗೆದಾರರೊಬ್ಬರಲ್ಲಿ ಎಂಟು ವರ್ಷ ದುಡಿದ ಹುಡುಗನೊಬ್ಬನಿಗೆ ಹೇಳಿಕಳಿಸಿದೆ. ಅವನು ಬಂದವನು ಬಿದ್ದುದನ್ನು ನೋಡಲಿಲ್ಲ. ಏಣಿ ಹತ್ತಿ ಮೇಲಿನ ಸೂರನ್ನು ನೋಡಿದ.

“ಸಾರ್, ಹನ್ನೆರಡು ಇರಬೇಕಾದ ಕಡೆ ಐದೇ ಹಾಕಿದ್ದಾರೆ” ಎಂದ.

ಅವನು ವಿವರಿಸಿದ್ದು ಹೀಗೆ. ಮೊದಲು ಗೋಡೆಯ ಸುತ್ತ ಮಟ್ಟ ಹಿಡಿದು ಗೆರೆ ಎಳೆಯುತ್ತಾರೆ. ಹಿಂದೆ ನೀರು ತುಂಬಿದ ಕೊಳವೆಯಿಂದ ಮಾಡುತ್ತಿದ್ದ ಈ ಕೆಲಸವನ್ನು ಈಗ ಲೇಸರ್ ಉಪಕರಣ ಮಾಡುತ್ತದೆ. ಆ ಗೆರೆಗೆ ತಗಡಿನ ಪಟ್ಟಿ ಬಡಿಯುತ್ತಾರೆ. ಮೇಲಿನ ಕಾಂಕ್ರೀಟಿಗೆ ರಂಧ್ರ ಕೊರೆದು, ಒಳಗೆ ಹಿಗ್ಗಿ ಕಚ್ಚಿಕೊಳ್ಳುವ ಆಂಕರ್ ಬೋಲ್ಟು ಹಾಕಿ, ಅದರಿಂದ ತೂಗುಪಟ್ಟಿ ಇಳಿಬಿಡುತ್ತಾರೆ. ಸತುವಿನ ಲೇಪದ ಉಕ್ಕಿನ ಚಾನಲ್ಲುಗಳು ನಾಲ್ಕಡಿಗೊಂದು. ಅವಕ್ಕೆ ಅಡ್ಡವಾಗಿ ಒಂದೂವರೆ ಅಡಿಗೊಂದು ಪಟ್ಟಿ. ಅದರ ಕೆಳಗೆ ಹನ್ನೆರಡೂವರೆ ಮಿಲಿಮೀಟರ್ ದಪ್ಪದ ಜಿಪ್ಸಂ ಹಲಗೆ, ಒಂಬತ್ತು ಇಂಚಿಗೊಂದು ತಿರುಪು. ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ, ಲೇಪ ಸವರಿ, ಉಜ್ಜಿ, ಬಣ್ಣ ಬಳಿದರೆ ಒಂದೇ ಬಿಳಿಯ ಹಾಳೆಯಂತೆ ಕಾಣುತ್ತದೆ. ಜಿಪ್ಸಂ ನಮ್ಮ ದೇಶದಲ್ಲಿ ಹೆಚ್ಚಾಗಿ ದೊರೆಯುವುದು ರಾಜಸ್ಥಾನದಲ್ಲಿ. ಆ ಖನಿಜದ ತೂಕದಲ್ಲಿ ಐದನೆಯ ಒಂದು ಪಾಲು ನೀರೇ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಉರಿಯನ್ನು ಕೆಲಹೊತ್ತು ತಡೆಯುತ್ತದೆ. ಹೊರಗಿನ ನೀರು ಮಾತ್ರ ಅದಕ್ಕೆ ಶತ್ರು.

ನನ್ನ ಕೋಣೆ ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ, 192 ಚದರಡಿ. ಆರಡಿಗೆ ನಾಲ್ಕಡಿಯ ಹಲಗೆಗಳು ಎಂಟು. ಅವುಗಳ ತೂಕ ಸುಮಾರು ಒಂದೂವರೆ ಕ್ವಿಂಟಲ್. ಹನ್ನೆರಡು ತೂಗುಪಟ್ಟಿಗಳು ಹಂಚಿಕೊಂಡರೆ ಒಂದೊಂದಕ್ಕೆ ಹದಿಮೂರು ಕಿಲೋ; ಐದೇ ಆದರೆ ಮೂವತ್ತು. ಆ ಐದರಲ್ಲಿಯೂ ಒಂದು, ಮರದ ಬಿರಡೆಗೆ ಹೊಡೆದ ಮೊಳೆ. ತಾರಸಿ ಸೋರಿ ಹಲಗೆ ನೆನೆದು ಭಾರವಾದಾಗ ಮೊದಲು ಕಿತ್ತುಬಂದದ್ದು ಅದೇ. ಗಮನಿಸಿ: ನಾನು ಹಣ ಕೊಟ್ಟದ್ದು ಚದರಡಿಯ ಲೆಕ್ಕದಲ್ಲಿ, ಅಂದರೆ ಕಣ್ಣಿಗೆ ಕಾಣುವುದಕ್ಕೆ. ಹೊತ್ತು ನಿಲ್ಲುವುದು ಕಾಣದ ಕಡೆ ಇದೆ; ದರ ಇಳಿಸುವವನು ಕೈಹಾಕುವುದೂ ಅಲ್ಲಿಗೇ. ಬೇಲೂರಿನ ಭುವನೇಶ್ವರಿಗಳನ್ನು ಕೆತ್ತಿದವರಿಗೆ ಈ ಅನುಕೂಲವಿರಲಿಲ್ಲ. ಅಲ್ಲಿ ಕಾಣುವ ಕಲ್ಲೇ ಹೊರುವ ಕಲ್ಲು.

ಕೋಣೆಯನ್ನು ಸರಿಪಡಿಸಿದ ಮೇಲೆ ಆ ಹುಡುಗ ಇನ್ನೊಂದು ದಿನ ಬಂದ. ಸ್ವಂತ ಉದ್ಯಮ ಆರಂಭಿಸುವನಂತೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯನ್ನು ಮೇಷ್ಟರು ಓದಿ ತಿದ್ದಬೇಕಂತೆ. ಕಾಗುಣಿತದ ತಪ್ಪಿರಲಿಲ್ಲ. ಕೊರೆಯುವ ಯಂತ್ರ, ತಿರುಪಿನ ಯಂತ್ರ, ಲೇಸರ್, ಚಕ್ರದ ಅಟ್ಟಣೆ, ಬಾಡಿಗೆಯ ಗೋದಾಮು, ನಾಲ್ವರು ಕೆಲಸಗಾರರು. 2020ರಿಂದ ಇರುವ ಉದ್ಯಮ್ ನೋಂದಣಿ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಎಲ್ಲವೂ ಇತ್ತು. ಕಾಯುವ ದಿನಗಳ ಲೆಕ್ಕ ಮಾತ್ರ ಇರಲಿಲ್ಲ.

ಇಬ್ಬರೂ ಕುಳಿತು ಒಂದು ಊಹೆಯ ಲೆಕ್ಕ ಹಾಕಿದೆವು. ತೆರಿಗೆ ಬಿಟ್ಟು ಆರು ಲಕ್ಷದ ಒಂದು ಕಚೇರಿಯ ಕೆಲಸ. ಸಾಮಗ್ರಿಗೆ 3 ಲಕ್ಷ 60 ಸಾವಿರ, ಕೂಲಿಗೆ ಒಂದೂವರೆ ಲಕ್ಷ. ಉಳಿಯುವುದು 90 ಸಾವಿರ. ಮುಂಗಡ ನೂರಕ್ಕೆ ಮೂವತ್ತು, ಅಂದರೆ 1 ಲಕ್ಷ 80 ಸಾವಿರ. ಬಿಲ್ಲು ಪಾಸಾಗುವವರೆಗೆ 3 ಲಕ್ಷ 30 ಸಾವಿರ ಅವನ ಕೈಯಿಂದಲೇ ನಿಲ್ಲಬೇಕು. ದೋಷ ಕಂಡರೆ ಇರಲೆಂದು ನೂರಕ್ಕೆ ಐದು ತಡೆಹಿಡಿದರೆ 30 ಸಾವಿರ, ಲಾಭದ ಮೂರರಲ್ಲೊಂದು ಪಾಲು, ಮತ್ತೆ ತಿಂಗಳುಗಟ್ಟಲೆ ದೂರ. ನೂರಕ್ಕೆ ಹದಿನೆಂಟರ ತೆರಿಗೆಯಾದರೋ ಹಣ ಬರಲಿ ಬಿಡಲಿ, ಬಿಲ್ಲು ಬರೆದುದಕ್ಕೇ ಕಟ್ಟಬೇಕಾದದ್ದು. ಮೇಲಾಗಿ ವಿದ್ಯುತ್ತಿನವರೂ ಹವಾನಿಯಂತ್ರಣದವರೂ ತಮ್ಮ ಕೊಳವೆ ಎಳೆದು ಪರೀಕ್ಷಿಸಿದ ಹೊರತು ಮುಚ್ಚಿಗೆಯನ್ನು ಮುಚ್ಚುವಂತಿಲ್ಲ. ಅವರು ತಡಮಾಡಿದರೆ ಇವನ ಆಳುಗಳು ಕೈಕಟ್ಟಿ ಕೂರುತ್ತಾರೆ; ಶನಿವಾರದ ಬಟವಾಡೆ ನಿಲ್ಲುವುದಿಲ್ಲ.

ಸಣ್ಣ ಉದ್ಯಮಿಗೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆ ವಿಧಿಸಿದೆ. ಸಾಮಗ್ರಿಯೂ ಕೆಲಸವೂ ಕೂಡಿದ ಗುತ್ತಿಗೆಗೆ ಅದು ಸಲ್ಲುವುದೆ ಎಂಬುದರಲ್ಲಿ ಹೈಕೋರ್ಟುಗಳ ತೀರ್ಪುಗಳು ಒಂದೇ ಬಗೆಯಾಗಿಲ್ಲ. ಸಂದರೂ, ನಾಳೆ ಕೆಲಸ ಕೊಡುವವನ ಮೇಲೆ ಇಂದು ದೂರು ಕೊಡುವ ಧೈರ್ಯ ಹೊಸಬನಿಗೆ ಎಲ್ಲಿಂದ ಬರಬೇಕು? ಕೈಯಲ್ಲಿ ಹಣ ಮುಗಿದಾಗ ಅವನ ಮುಂದೆ ಎರಡು ದಾರಿ: ಆಳುಗಳ ಬಟವಾಡೆ ನಿಲ್ಲಿಸುವುದು, ಇಲ್ಲವೆ ಹನ್ನೆರಡರ ಕಡೆ ಐದು ಹಾಕುವುದು. ನನ್ನ ಕೋಣೆಯ ಮುಚ್ಚಿಗೆ ಕಟ್ಟಿದವನೂ ಕೇಡಿಗನೇ ಆಗಿರಬೇಕಿಲ್ಲ; ಯಾರಿಂದಲೋ ಬರಬೇಕಾದ ಬಾಕಿಗೆ ಕಾಯುತ್ತಿದ್ದನೋ ಏನೋ. ಆದರೂ ಅವನನ್ನು ಪೂರ್ತಿ ಕ್ಷಮಿಸಲು ನನಗೆ ಮನಸ್ಸಾಗಿಲ್ಲ.

ನಾನು ವರದಿಯಲ್ಲಿ ಎರಡು ಸಾಲು ಸೇರಿಸಿದೆ. ದರಪಟ್ಟಿಯಲ್ಲಿ ತೂಗುಪಟ್ಟಿಗಳ ಸಂಖ್ಯೆಯನ್ನೂ ಅಂತರವನ್ನೂ ಬರೆದುಕೊಡುವುದು, ಹಲಗೆ ಮುಚ್ಚುವ ಮುನ್ನ ಮಾಲೀಕರನ್ನು ಕರೆದು ತೋರಿಸಿ ಫೋಟೋ ಕೊಡುವುದು, ಇದು ಒಂದು. ಎಂಟು ವಾರಗಳ ಬಟವಾಡೆ ಬ್ಯಾಂಕಿನಲ್ಲಿ ಕೂಡುವ ತನಕ ಇರುವ ಕೆಲಸ ಬಿಡದಿರುವುದು, ಇದು ಇನ್ನೊಂದು. ಮೊದಲನೆಯದಕ್ಕೆ ಅವನು ಒಡನೆ ಒಪ್ಪಿದ. ಎರಡನೆಯದನ್ನು ಓದಿ ಸುಮ್ಮನಾದ. ಕಳೆದ ವಾರ ಮನೆಗೆ ಬಂದಿದ್ದ. “ಐದು ವಾರದ್ದು ಕೂಡಿದೆ ಸಾರ್, ತಂಗಿ ಮದುವೆ ಬಂತು” ಎಂದ.