ಒಂದೇ ಗಾಲ್ಫ್ ಜಿಟಿಐ: ಜರ್ಮನಿಯಲ್ಲಿ ಮನೆ ಕಾರು, ಅಮೆರಿಕದಲ್ಲಿ ಶೋಕಿ, ನಮ್ಮಲ್ಲಿ 53 ಲಕ್ಷ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ಜೋಡಿಸಿ ಇಲ್ಲಿ ಬರೆದಿದ್ದೀನಿ. ಆಫೀಸ್ ಬಸ್ಸಲ್ಲಿ ಕೂತು ಓದೋಕೆ ಆರಾಮಾಗಿರುತ್ತೆ.

ಹೈದರಾಬಾದಿನಲ್ಲಿ ನಮ್ಮಂಥವರು ಕಾರು ತಗೊಳ್ಳೋಕೆ ಹೊರಟರೆ ಸಲಹೆ ಮೂರು ದಿಕ್ಕಿಂದ ಬರುತ್ತೆ. ಸ್ಟುಟ್‌ಗಾರ್ಟ್‌ನಲ್ಲಿರೋ ಕಾಲೇಜ್ ಫ್ರೆಂಡು "ಹಾಟ್ ಹ್ಯಾಚ್ ತಗೊಳೋ, ಇನ್ನೇನು ಬೇಕು" ಅಂತಾನೆ. ಡಲ್ಲಾಸ್‌ನಲ್ಲಿರೋ ಭಾವ "ಅಷ್ಟು ದುಡ್ಡು ಕೊಟ್ಟು ಡಬ್ಬಿ ಕಾರಾ? ಎಸ್‌ಯುವಿ ನೋಡಿ" ಅಂತಾರೆ. ಊರಲ್ಲಿರೋ ಅಪ್ಪ ಕೇಳೋದು ಒಂದೇ: "ಡಿಕ್ಕಿ ಇದೆಯಾ?" ಮೂವರಲ್ಲಿ ಯಾರಿಗೂ ಕಾರಿನ ಜ್ಞಾನ ಕಮ್ಮಿ ಇಲ್ಲ. ಅವರವರ ಊರಿನ ರಸ್ತೆ, ಪೆಟ್ರೋಲ್ ರೇಟು, ತೆರಿಗೆ ಅವರ ಬಾಯಲ್ಲಿ ಮಾತಾಡಿಸುತ್ತೆ. ಹೇಗೆ ಅಂತ ನೋಡೋಣ.

ಹಾಟ್ ಹ್ಯಾಚ್ ಅಂದ್ರೆ ಮಾಮೂಲಿ ಹ್ಯಾಚ್‌ಬ್ಯಾಕ್ ಕಾರಿಗೆ ಜೋರಾದ ಎಂಜಿನ್, ಗಟ್ಟಿ ಸಸ್ಪೆನ್ಷನ್, ಒಳ್ಳೆ ಬ್ರೇಕು ಹಾಕಿರೋದು. ಈ ಜಾತಿಗೆ ಹೆಸರು ತಂದಿದ್ದು 1976ರ ಗಾಲ್ಫ್ ಜಿಟಿಐ. 1.6 ಲೀಟರ್ ಎಂಜಿನ್, 110 ಹಾರ್ಸ್‌ಪವರ್. 5,000 ಕಾರು ಮಾರಿದರೆ ಸಾಕು ಅಂದುಕೊಂಡಿದ್ದ ಫೋಕ್ಸ್‌ವ್ಯಾಗನ್, ಮೊದಲ ತಲೆಮಾರಲ್ಲೇ 4.6 ಲಕ್ಷ ಮಾಡಿತು.

ಕಾರಣ ಇದೆ. ಯುರೋಪಿನ ಹಳೇ ಊರುಗಳ ಬೀದಿ ಕಿರಿದು, ಪಾರ್ಕಿಂಗ್ ಕಷ್ಟ. ಪೆಟ್ರೋಲ್ ಮೇಲೆ ತೆರಿಗೆ ಜಾಸ್ತಿ. ಯುರೋಪಿಯನ್ ಒಕ್ಕೂಟದ ಕನಿಷ್ಠ ಸುಂಕವೇ ಲೀಟರಿಗೆ 0.359 ಯೂರೋ. ಇನ್ನೊಂದು ಕಡೆ ಜರ್ಮನಿಯ ಆಟೋಬಾನ್‌ನಲ್ಲಿ ಎಷ್ಟೋ ದೂರ ವೇಗದ ಮಿತಿಯೇ ಇಲ್ಲ. ಹೀಗಿದ್ದಾಗ ಒಂದೇ ಕಾರು ಸಂದಿಲೂ ನುಗ್ಗಬೇಕು, ಹೈವೇಲೂ ಓಡಬೇಕು, ಮಕ್ಕಳನ್ನ ಸ್ಕೂಲಿಗೂ ಬಿಡಬೇಕು. ಅಲ್ಲಿ ಗಾಲ್ಫ್ ಎಲ್ಲರ ಮನೆ ಕಾರು, ಜಿಟಿಐ ಆ ಮನೆ ಕಾರಿನ ಮೇಲಿನ ಮೆಟ್ಟಿಲು. ಅದನ್ನ ತಗೊಂಡೋರನ್ನ ಯಾರೂ ವಿಚಿತ್ರವಾಗಿ ನೋಡಲ್ಲ.

ಅಮೆರಿಕಕ್ಕೆ ಜಿಟಿಐ ಹೋಗಿದ್ದು 1983ರ ಮಾಡೆಲ್ ಆಗಿ. ಪೆನ್ಸಿಲ್ವೇನಿಯಾದಲ್ಲೇ ತಯಾರಾದ ರ‍್ಯಾಬಿಟ್ ಜಿಟಿಐ ಅದು, 90 ಹಾರ್ಸ್‌ಪವರ್. ಅಲ್ಲಿನ ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆ 1993ರಿಂದ ಗ್ಯಾಲನ್‌ಗೆ 18.4 ಸೆಂಟ್, ಅಂದ್ರೆ ಲೀಟರಿಗೆ 5 ಸೆಂಟೂ ಇಲ್ಲ. ರಾಜ್ಯಗಳು ಇದರ ಮೇಲೆ ತಮ್ಮದು ಸೇರಿಸ್ತವೆ, ಆದರೂ ಯುರೋಪಿಗೆ ಹೋಲಿಸಿದರೆ ಕಮ್ಮಿನೇ. ರಸ್ತೆ ಅಗಲ, ಪಾರ್ಕಿಂಗ್ ಮೈದಾನದಷ್ಟು. ಹಾಗಾಗಿ ಅಲ್ಲಿ ಚಿಕ್ಕ ಕಾರು ಅಂದ್ರೆ ಸ್ಟೂಡೆಂಟ್ ಕಾರು, ಅಗ್ಗದ ಕಾರು. ಫೋರ್ಡ್ 2018ರಲ್ಲಿ ಏನು ಮಾಡಿತು ನೋಡಿ: ಯುರೋಪಿನಲ್ಲಿ 200 ಹಾರ್ಸ್‌ಪವರ್‌ನ ಹೊಸ ಫಿಯೆಸ್ಟಾ ಎಸ್‌ಟಿ ಬಿಟ್ಟಿತು, ಅದೇ ವರ್ಷ ಅಮೆರಿಕದಲ್ಲಿ ಫಿಯೆಸ್ಟಾನ ನಿಲ್ಲಿಸ್ತೀವಿ ಅಂತ ಘೋಷಿಸಿತು.

ಇನ್ನೂ ಮಜಾ ವಿಷಯ ಅಂದ್ರೆ, 2021ರ ಮಾಡೆಲ್ ಆದಮೇಲೆ ಅಮೆರಿಕದಲ್ಲಿ ಮಾಮೂಲಿ ಗಾಲ್ಫ್ ಸಿಗಲ್ಲ. ಸಿಗೋದು ಜಿಟಿಐ ಮತ್ತು ಗಾಲ್ಫ್ ಆರ್ ಮಾತ್ರ. ಕೆಳಗಿನ ಮೆಟ್ಟಿಲೆಲ್ಲ ತೆಗೆದು ಮೇಲಿನದಷ್ಟೇ ಉಳಿಸಿದ ಹಾಗೆ. ಅಲ್ಲಿ ಹಾಟ್ ಹ್ಯಾಚ್ ಬೇಕಾಗಿರೋದು ಡ್ರೈವಿಂಗ್ ಹುಚ್ಚಿರೋರಿಗೆ. ಮನೆ ಕೆಲಸಕ್ಕೆ ಗ್ಯಾರೇಜಲ್ಲಿ ಇನ್ನೊಂದು ದೊಡ್ಡ ಗಾಡಿ ಇರೋದು ಸಾಮಾನ್ಯ.

ಈಗ ನಮ್ಮ ಕಥೆ. 2006ರ ಬಜೆಟ್‌ನಲ್ಲಿ ಚಿಕ್ಕ ಕಾರಿನ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳೀತು. ಷರತ್ತು ಎರಡು: ಉದ್ದ 4 ಮೀಟರ್ ಮೀರಬಾರದು; ಎಂಜಿನ್ ಪೆಟ್ರೋಲ್ ಆದ್ರೆ 1,200 ಸಿಸಿ, ಡೀಸೆಲ್ ಆದ್ರೆ 1,500 ಸಿಸಿ ಒಳಗಿರಬೇಕು. 2025ರ ಸೆಪ್ಟೆಂಬರ್ 22ರ ಹೊಸ ಜಿಎಸ್‌ಟಿಯಲ್ಲೂ ಇದೇ ಗೆರೆ: ಒಳಗಿದ್ರೆ 18, ಹೊರಗಿದ್ರೆ 40 ಪರ್ಸೆಂಟ್. ನಮ್ಮ ಕೋಡ್‌ನಲ್ಲಿ ಒಂದು ಇಫ್-ಎಲ್ಸ್ ಇದ್ದ ಹಾಗೆ, ಇಡೀ ಮಾರುಕಟ್ಟೆ ಅದರ ಸುತ್ತ ಡಿಸೈನ್ ಆಗಿದೆ.

2013ರ ಪೋಲೋ ಜಿಟಿ ಟಿಎಸ್‌ಐ 1,197 ಸಿಸಿ ಎಂಜಿನ್‌ಗೆ ಟರ್ಬೋ ಹಾಕಿ 105 ಹಾರ್ಸ್‌ಪವರ್ ತೆಗೀತು, ಗೆರೆಯೊಳಗೇ ಉಳೀತು. 2015ರ ಅಬಾರ್ತ್ ಪುಂಟೋಗೆ 145 ಹಾರ್ಸ್‌ಪವರ್ ಇತ್ತು, ಉದ್ದವೂ 4 ಮೀಟರ್ ಒಳಗೆ. ಆದರೆ ಎಂಜಿನ್ 1,368 ಸಿಸಿ, ರಿಯಾಯಿತಿ ಹೋಯ್ತು. 2016ರಲ್ಲಿ 192 ಹಾರ್ಸ್‌ಪವರ್‌ನ ಪೋಲೋ ಜಿಟಿಐ ಆಮದಾಗಿ ಬಂತು, 99 ಕಾರು ಮಾತ್ರ, ಬೆಲೆ 25.65 ಲಕ್ಷ. ಆಮೇಲೆ ಸುಮಾರು 20 ಲಕ್ಷಕ್ಕೆ ಇಳಿಸಬೇಕಾಯ್ತು. ಗಾಲ್ಫ್ ಜಿಟಿಐ ಬಂದಿದ್ದು 2025ರಲ್ಲಿ, ಸುಮಾರು 53 ಲಕ್ಷಕ್ಕೆ. ಜರ್ಮನಿಯ ಮನೆ ಕಾರಿನ ಅಣ್ಣ ಇಲ್ಲಿ ಲಕ್ಷುರಿ ಕಾರು.

ಹಾಗಾಗಿ ನಮ್ಮ ಬಜೆಟ್‌ಗೆ ಸಿಗೋದು ಐ20 ಎನ್ ಲೈನ್ ಥರದ 120 ಹಾರ್ಸ್‌ಪವರ್ ಕಾರುಗಳು. ಇಷ್ಟು ಸಾಕಾ? ನಮ್ಮ ರಸ್ತೆ ಲೆಕ್ಕ ಹಾಕಿ. 158 ಕಿಲೋಮೀಟರ್‌ನ ಔಟರ್ ರಿಂಗ್ ರೋಡಿನಲ್ಲೇ ಗರಿಷ್ಠ ಮಿತಿ 120. ಜಹೀರಾಬಾದ್ ದಾಟಿ ಬೀದರ್ ಕಡೆಗೋ, ಮೆಹಬೂಬ್‌ನಗರ ದಾಟಿ ರಾಯಚೂರು ಕಡೆಗೋ ಹೊರಟಾಗ ಬೇಕಾಗಿರೋದು 60ರಿಂದ 90ಕ್ಕೆ ಬೇಗ ಏರಿ ಲಾರಿ ದಾಟೋ ಶಕ್ತಿ. ಅದನ್ನ ಸಣ್ಣ ಟರ್ಬೋ ಎಂಜಿನ್ ಚೆನ್ನಾಗೇ ಕೊಡುತ್ತೆ.

ಯುರೋಪಿನ ವಿಡಿಯೋ ನೋಡಿ, ಸಾಕಾಗಲ್ಲ ಅಂತ ಇಸಿಯು ರೀಮ್ಯಾಪ್ ಮಾಡಿಸೋರಿದ್ದಾರೆ. ನಾವೆಲ್ಲ ಸಾಫ್ಟ್‌ವೇರ್ ಜನ, ಕೈ ತುರಿಸೋದು ಸಹಜ. ಆದರೆ ಪವರ್ ಮಾತ್ರ ಸಾಫ್ಟ್‌ವೇರಿಂದ ಏರುತ್ತೆ. ಬ್ರೇಕು, ಟೈರು, ಕ್ಲಚ್ಚು ಹಳೇವೇ. ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಹಾಕಿದಂಗೆ, ಅದೂ ಹಿಂದಿನ ಸೀಟಲ್ಲಿ ಅಪ್ಪ ಅಮ್ಮನ್ನ ಕೂರಿಸಿಕೊಂಡು. ವಾರಂಟಿ ಹೋಗುತ್ತೆ, ಇನ್ಶೂರೆನ್ಸ್‌ಗೆ ತಿಳಿಸದಿದ್ರೆ ಕ್ಲೇಮ್ ಹೊತ್ತಲ್ಲಿ ತಕರಾರು ಏಳಬಹುದು. ಆ ದುಡ್ಡನ್ನ ಒಳ್ಳೆ ಟೈರಿಗೆ ಹಾಕಿ.

ಮುಂದಿನ ಸಲ ರಿವ್ಯೂ ನೋಡುವಾಗ ಮೊದಲು ನೋಡಬೇಕಾದ್ದು ಆ ಮನುಷ್ಯ ಯಾವ ರಸ್ತೇಲಿ ಓಡಿಸ್ತಿದ್ದಾನೆ ಅಂತ. ಭಾವನ ಮಾತು ಡಲ್ಲಾಸ್‌ಗೆ ಸರಿ, ಫ್ರೆಂಡ್ ಮಾತು ಸ್ಟುಟ್‌ಗಾರ್ಟ್‌ಗೆ ಸರಿ. ನಮ್ಮ ಮಟ್ಟಿಗೆ ಅಪ್ಪನ ಡಿಕ್ಕಿ ಪ್ರಶ್ನೆಯೇ ಹತ್ತಿರದ್ದು, ಊರಿಂದ ಬರುವಾಗ ಜೋಳದ ಚೀಲ ಹಾಕೋದು ಅಲ್ಲೇ ತಾನೇ! ನೀವು ಯಾವ ಕಾರಲ್ಲಿ ಊರಿಗೆ ಹೋಗ್ತೀರಾ, ಬರೆದು ತಿಳಿಸಿ. ಸಿಗೋಣ.