ಕೊನೆಯ ಗರಿ ಮೊದಲು

ತಾಳೆಗರಿಯ ಕಟ್ಟು ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಗರಿ. ನಕಲು ಮಾಡಿದವನು ತನ್ನ ಹೆಸರು, ಊರು, ಯಾರಿಗಾಗಿ ಬರೆದದ್ದು, ಯಾವ ಸಂವತ್ಸರ, ಯಾವ ತಿಥಿ ಎಂಬುದನ್ನೆಲ್ಲ ಸಾಮಾನ್ಯವಾಗಿ ಅಲ್ಲೇ ಹೇಳಿಕೊಂಡಿರುತ್ತಾನೆ. ಗ್ರಂಥದ ಹೆಸರು ಸೂಚಿಯಲ್ಲಿ ಸಿಕ್ಕೀತು. ಊರಿನ ಚರಿತ್ರೆ ಬರೆಯಹೊರಟ ನನಗೆ ಬೇಕಾದವನು ಈ ಲಿಪಿಕಾರ.

ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹತ್ತಿರದ ಕೆಳದಿಗೆ ಬಂದವರು ರಾಮೇಶ್ವರನಿಗೆ ಕೈಮುಗಿದು, ವೀರಭದ್ರನ ಗುಡಿಯ ಛಾವಣಿಯಲ್ಲಿರುವ ಗಂಡಭೇರುಂಡ ನೋಡಿ ಹೊರಟುಬಿಡುತ್ತಾರೆ. ಊರಿನ ವಸ್ತುಸಂಗ್ರಹಾಲಯಕ್ಕೂ ಹೋಗಬೇಕು. ಕೆಳದಿ ಗುಂಡಾ ಜೋಯಿಸರು ಆಯುಷ್ಯವಿಡೀ ಕೂಡಿಸಿದ ತಾಳೆಗರಿ, ಕಾಗದಪತ್ರಗಳು ಅಲ್ಲಿವೆ. ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟದ್ದು, 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದದ್ದು ಶಾಲೆಯ ಪುಸ್ತಕದಲ್ಲೇ ಇದೆ. ಯಾವ ಗುಡಿಗೆ ಯಾರು ಯಾವ ಗದ್ದೆ ಬಿಟ್ಟರು, ಯಾವ ಅಗ್ರಹಾರದಲ್ಲಿ ಯಾರು ಏನು ಓದುತ್ತಿದ್ದರು ಎಂಬುದನ್ನು ಇಂಥ ಕಟ್ಟುಗಳಲ್ಲೇ ಹುಡುಕಬೇಕು.

ಲಿಪಿ ಕಲಿಯದೆ ಹೋದರೆ ಪ್ರಯೋಜನವಿಲ್ಲ. ಮಲೆನಾಡಿನ ಎಷ್ಟೋ ಸಂಸ್ಕೃತ ಗ್ರಂಥಗಳಿರುವುದು ತಿಗಳಾರಿಯಲ್ಲಿ, ನೋಡಲು ಮಲಯಾಳಂನಂತಿರುತ್ತದೆ. ಕನ್ನಡ ಗರಿಯಾದರೂ ಸಲೀಸಲ್ಲ. ಪದಗಳ ನಡುವೆ ತೆರಪಿಲ್ಲ, ‘ಎ’ಕಾರ ‘ಏ’ಕಾರಗಳಿಗೆ ಭೇದವಿಲ್ಲ. ಒಂದು ಗರಿಗೆ ಒಂದು ಬೆಳಗ್ಗೆ ಪೂರ್ತಿ ಹೋಗುವುದುಂಟು, ಆ ಬೆಳಗ್ಗೆಯಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಾಲ ಕಟ್ಟುವಾಗ ಎಚ್ಚರ ಬೇಕು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿದರಾಯಿತು. ತಿಥಿ ಜನವರಿಯಿಂದ ಯುಗಾದಿಯೊಳಗೆ ಬಿದ್ದಿದ್ದರೆ 79. ಬರೀ ‘ಪ್ರಭವ’ ಎಂದಿದ್ದರೆ ಏನು ಮಾಡುವುದು? ಸಂವತ್ಸರಗಳು ಅರವತ್ತಕ್ಕೊಮ್ಮೆ ಮರಳುತ್ತವೆ: 1747 ಪ್ರಭವ, 1807 ಪ್ರಭವ, 1867ರಲ್ಲೂ ಪ್ರಭವ. ಆಗ ತಿಥಿಯ ಜೊತೆ ಬರೆದ ವಾರವನ್ನು ಹಳೆಯ ಪಂಚಾಂಗಕ್ಕೆ ತಾಳೆ ನೋಡಬೇಕು. ಸೋಮವಾರ ಎಂಬ ಒಂದು ಮಾತು ಎಷ್ಟೋ ಸಲ ಇಡೀ ಗ್ರಂಥದ ಕಾಲವನ್ನು ನಿಲ್ಲಿಸುತ್ತದೆ.

ಇಂಥ ಸಂಗ್ರಹಾಲಯಕ್ಕೆ ಹೋಗುವ ಮುಂಚೆ ಏನು ಹುಡುಕುತ್ತಿದ್ದೀರೆಂದು ಅಲ್ಲಿಗೆ ಪತ್ರ ಬರೆಯಿರಿ. ‘ಹಳೆಯದೇನಿದೆ ತೋರಿಸಿ’ ಎಂದರೆ ಯಾರೂ ನೆರವಾಗಲಾರರು. ಊರು, ಮನೆತನ, ಕಾಲ ಹೇಳಿದರೆ ಅಲ್ಲಿಯವರಿಗೇ ಇನ್ನೊಂದು ಕಟ್ಟು ನೆನಪಾಗುತ್ತದೆ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ ಬರೆದುಕೊಳ್ಳದ ಟಿಪ್ಪಣಿ ಮರುವರ್ಷ ನಿಮಗೇ ಉಪಯೋಗಕ್ಕೆ ಬರುವುದಿಲ್ಲ.

ಮನೆಯ ಅಟ್ಟದಲ್ಲಿ ಇಂಥ ಕಟ್ಟಿದ್ದರೆ ದಯವಿಟ್ಟು ಹೊಳೆಗೆ ಬಿಡಬೇಡಿ. ಅಂಟಿಕೊಂಡ ಗರಿಗಳನ್ನು ಬಿಡಿಸಲೂ ಹೋಗಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಯಾರ ಮನೆಯದು, ಯಾವ ಊರಿನದು ಎಂಬ ಚೀಟಿಯನ್ನೂ ಜೊತೆಗಿಟ್ಟು ಬಲ್ಲವರಿಗೆ ತೋರಿಸಿ.