ಆನೆ ಮೂಳೆಯಿಂದ ಜೌಗು ಮಣ್ಣಿಗೆ

ಊಟಿಯಿಂದ ಗೂಡಲೂರಿಗೆ ಹೋಗುವ ದಾರಿಯಲ್ಲಿ ಸ್ಯಾಂಡಿನಲ್ಲಾ ಜೌಗು ಇದೆ. ಅದರ ಕರಿಮಣ್ಣು ಅಂದರೆ ಪೂರಾ ಕೊಳೆಯದೆ ಪದರ ಪದರವಾಗಿ ಕೂತ ಹುಲ್ಲು, ಸೊಪ್ಪು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಗಡಿ ಭಾಗದವರಿಗೆ ಆನೆ ವಿಜ್ಞಾನಿ ಅಂತಲೇ ಪರಿಚಿತರು. 1980ರ ದಶಕದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡು ಸುತ್ತಿ, ಆನೆ ರಾಗಿ ಹೊಲಕ್ಕೆ ಯಾಕೆ ನುಗ್ಗುತ್ತೆ ಅಂತ ಲೆಕ್ಕ ಹಾಕಿದವರು. ಸತ್ತ ಆನೆಯ ಮೂಳೆಯಲ್ಲಿರುವ ಇಂಗಾಲ ಅಳೆದರೆ, ಅದು ತಿಂದದ್ದು ಹುಲ್ಲೋ ಮರದ ಸೊಪ್ಪೋ ಗೊತ್ತಾಗುತ್ತೆ. ಜೋಳ, ಕಬ್ಬಿನಂಥ ಹುಲ್ಲುಗಳ ಗುರುತು ಒಂದು. ಮರ, ಭತ್ತ, ಆಲೂಗಡ್ಡೆಯದು ಇನ್ನೊಂದು. ಅದೇ ಉಪಾಯವನ್ನು ನೀಲಗಿರಿಯ ಜೌಗು ಮಣ್ಣಿಗೂ ಹಚ್ಚಿದರು.

ಅಹಮದಾಬಾದಿನ ಆರ್. ರಮೇಶ್ ಮತ್ತಿತರರ ಜೊತೆ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ಸುಮಾರು 20,000 ವರ್ಷಗಳ ಮಳೆಯ ಜಾತಕವೇ ಸರಿ. ಹಿಮಯುಗದ ಒಣಹವೆಯಲ್ಲಿ ಬೆಟ್ಟದ ತುಂಬಾ ಹುಲ್ಲು, ಆಮೇಲೆ ಮುಂಗಾರು ಬಲಿತು ಮರಗಿಡ, ಮತ್ತೆ ಬರ.

ಶೋಲೆ ಕಾಡು ಕಡಿದದ್ದರಿಂದಲೇ ಹುಲ್ಲುಗಾವಲು ಹುಟ್ಟಿತು ಅನ್ನೋ ವಾದ ಇದರಿಂದ ಸಡಿಲಾಯಿತು. ಬೇಸಾಯಕ್ಕಿಂತ ಮೊದಲೇ ಇಲ್ಲಿ ಹುಲ್ಲಿತ್ತು. ಬ್ರಿಟಿಷರ ಕಾಲದಿಂದ ಅದನ್ನು ಪಾಳು ಅಂತ ತಿಳಿದು ವ್ಯಾಟಲ್, ನೀಲಗಿರಿ ಮರ ನೆಟ್ಟರು. (ಬೆಟ್ಟದ ಹೆಸರು ಹೊತ್ತ ಆ ಮರ ಬಂದದ್ದು ಆಸ್ಟ್ರೇಲಿಯಾದಿಂದ!) ಈಗ ವ್ಯಾಟಲ್ ಕಿತ್ತ ಜಾಗದಲ್ಲಿ ಮತ್ತೆ ಮರ ನೆಡಬೇಕೋ, ಹುಲ್ಲಿಗೆ ಬಿಡಬೇಕೋ ಅಂತ ಕೇಳುವವರಿಗೆ ಜೌಗಿನ ಸಾಕ್ಷಿ ಹುಲ್ಲಿನ ಕಡೆಗಿದೆ.